ಒಂದು ಮಟ್ಟು, ನಾಲ್ಕು ಹಾಡು: ಅಮೆರಿಕದ ಕಂಟ್ರಿ ಗೀತೆಯಲ್ಲಿ ವಂಚಿತ ಪ್ರೇಮದ ಚರಿತ್ರೆ

ಪ್ರೇಮದ ನೋವನ್ನು ಹಾಡುವುದು ಒಂದು ಬಗೆ. ಆ ನೋವಿನ ಹಿಂದಿರುವ ಸತ್ಯವನ್ನು ಅರಿತು, ಅದನ್ನು ಎಲ್ಲರೆದುರು ನುಡಿಯುವುದು ಇನ್ನೊಂದು ಬಗೆ. ಭಾರತೀಯ ಕಾವ್ಯಮೀಮಾಂಸೆ ಈ ಎರಡರ ಅಂತರವನ್ನು ಬಹು ಹಿಂದೆಯೇ ಗುರುತಿಸಿತ್ತು. ಭರತನು ಹೇಳುವ ಅಷ್ಟನಾಯಿಕೆಯರಲ್ಲಿ ವಿರಹೋತ್ಕಂಠಿತೆ ಬಾರದ ನಲ್ಲನಿಗಾಗಿ ಹಂಬಲಿಸುವವಳು. ಖಂಡಿತೆಯಾದರೋ ಬೇರೊಬ್ಬಳಲ್ಲಿ ಇರುಳು ಕಳೆದು ಬಂದ ನಲ್ಲನನ್ನು ಕಂಡು, ವಂಚನೆಯನ್ನು ಅರಿತು ಕುಪಿತಳಾದವಳು. ಮೊದಲನೆಯವಳಿಗೆ ಆಸೆಯುಂಟು, ತಿಳಿವಿಲ್ಲ. ಎರಡನೆಯವಳಿಗೆ ತಿಳಿವು ಬಂದಿದೆ. ಆ ತಿಳಿವೇ ಅವಳ ನೋವು, ಅದೇ ಅವಳ ಮಾತಿನ ಬಲವೂ ಹೌದು.

ಇಪ್ಪತ್ತನೆಯ ಶತಮಾನದ ಅಮೆರಿಕದ ಕಂಟ್ರಿ ಸಂಗೀತವು ಹಂಬಲದಿಂದ ತಿಳಿವಿನ ಕಡೆಗೆ ಇಂಥದೇ ಒಂದು ದಾರಿಯನ್ನು ಕ್ರಮಿಸಿತು. ಆ ದಾರಿಯ ಕುತೂಹಲಕರ ಸಂಗತಿಯೆಂದರೆ, 1929ರಿಂದ 1952ರವರೆಗಿನ ಅದರ ನಾಲ್ಕು ಮುಖ್ಯ ಹೆಜ್ಜೆಗಳೂ ಒಂದೇ ಮಟ್ಟಿನ ಮೇಲೆ ಬಿದ್ದಿವೆ. ರಾಗ ಒಂದೇ, ಮಾತು ಬೇರೆ, ಮಾತಾಡುವವರು ಬೇರೆ. ಕೊನೆಯ ಹೆಜ್ಜೆಯಾದ 'ಇಟ್ ವಾಸಂಟ್ ಗಾಡ್ ಹೂ ಮೇಡ್ ಹಾಂಕಿ ಟಾಂಕ್ ಏಂಜಲ್ಸ್' ಎಂಬ ಗೀತೆಯನ್ನು ಕಂಟ್ರಿ ಸಂಗೀತದಲ್ಲಿ ಹೆಣ್ಣಿನ ದನಿಗೆ ಸ್ಥಾನ ದೊರಕಿಸಿದ ಹಾಡೆಂದು ಇತಿಹಾಸಕಾರರು ಗಣಿಸುತ್ತಾರೆ. ಆದರೆ ಅದನ್ನು ಒಂಟಿಯಾಗಿ ಓದಿದರೆ ಅದರ ಅರ್ಥದ ಅರ್ಧಭಾಗ ಮಾತ್ರ ದೊರೆಯುತ್ತದೆ. ಉಳಿದರ್ಧ ಅದರ ಮಟ್ಟಿನಲ್ಲಿದೆ.

ಮೊದಲ ಹಾಡು: ಹಂಬಲ

1927ರ ಬೇಸಿಗೆಯಲ್ಲಿ ರಾಲ್ಫ್ ಪಿಯರ್ ಎಂಬ ಧ್ವನಿಮುದ್ರಣ ಉದ್ಯಮಿ ವಿಕ್ಟರ್ ಕಂಪನಿಯ ಯಂತ್ರಗಳೊಡನೆ ಟೆನೆಸಿ ಮತ್ತು ವರ್ಜೀನಿಯಾ ರಾಜ್ಯಗಳ ಗಡಿಯಲ್ಲಿರುವ ಬ್ರಿಸ್ಟಲ್ ಪಟ್ಟಣಕ್ಕೆ ಬಂದಿಳಿದರು. ಅಪಲೇಚಿಯನ್ ಗುಡ್ಡಗಾಡಿನ ಜನರ ಹಾಡುಗಳನ್ನು ಮುದ್ರಿಸಿ ಆ ಜನರಿಗೇ ಮಾರುವುದು ಅವರ ಉದ್ದೇಶ. ಅಲ್ಲಿ ಹಾಡಲು ಬಂದವರಲ್ಲಿ ವರ್ಜೀನಿಯಾದ ಮೇಸಸ್ ಸ್ಪ್ರಿಂಗ್ ಎಂಬ ಹಳ್ಳಿಯ ಮೂವರಿದ್ದರು: ಎ. ಪಿ. ಕಾರ್ಟರ್, ಅವರ ಪತ್ನಿ ಸಾರಾ, ಸಾರಾಳ ಸೋದರ ಸಂಬಂಧಿ ಮೇಬೆಲ್. ಮುಂದೆ 'ಕಾರ್ಟರ್ ಫ್ಯಾಮಿಲಿ' ಎಂದು ಹೆಸರಾದ ಮೇಳ ಇದು. ಎ. ಪಿ. ಕಾರ್ಟರ್ ಊರೂರು ತಿರುಗಿ ಹಾಡು ಸಂಗ್ರಹಿಸುತ್ತಿದ್ದರು. ಈ ತಿರುಗಾಟದಲ್ಲಿ ಅವರಿಗೆ ಜೊತೆಯಾದ ಕಪ್ಪುವರ್ಣೀಯ ಗಿಟಾರ್ ವಾದಕ ಲೆಸ್ಲಿ ರಿಡಲ್, ಕೇಳಿದ ರಾಗವನ್ನು ನೆನಪಿನಲ್ಲಿ ಹೊತ್ತು ತರುತ್ತಿದ್ದರು. ಹೀಗೆ ಜನಪದದಿಂದ ಬಂದು, ತಿದ್ದುಪಡಿಗೊಂಡು, ಮುದ್ರಣಗೊಂಡ ಹಾಡುಗಳೇ ಕಂಟ್ರಿ ಸಂಗೀತದ ಮೂಲಧನ.

1929ರಲ್ಲಿ ಈ ಮೇಳ ಮುದ್ರಿಸಿದ ಹಾಡು 'ಐಯಾಮ್ ಥಿಂಕಿಂಗ್ ಟುನೈಟ್ ಆಫ್ ಮೈ ಬ್ಲೂ ಐಸ್'. ಕಡಲಾಚೆ ಹೋದ ನೀಲಿಗಣ್ಣಿನ ಪ್ರಿಯನನ್ನು ಇರುಳಿನಲ್ಲಿ ನೆನೆಯುವ ಹಾಡು ಅದು. ಅವನು ತನ್ನನ್ನು ನೆನೆಯುತ್ತಿರುವನೋ ಇಲ್ಲವೋ ಎಂಬ ಸಂದೇಹ ಅಲ್ಲಿದೆ, ಉತ್ತರವಿಲ್ಲ. ಸಾರಾ ಕಾರ್ಟರ್ ಅವರ ಗಂಭೀರ ಮಂದ್ರಸ್ವರದಲ್ಲಿ ಅಳು ಕೇಳಿಸುವುದಿಲ್ಲ, ಬೇಡಿಕೆಯೂ ಕೇಳಿಸುವುದಿಲ್ಲ. ಇದು ವಿರಹೋತ್ಕಂಠಿತೆಯ ಹಾಡು. ನಲ್ಲ ತಪ್ಪಿತಸ್ಥನೆಂದು ಅವಳು ನುಡಿಯುವುದಿಲ್ಲ, ಏಕೆಂದರೆ ನಿಜವೇನೆಂದು ಅವಳಿಗೆ ಇನ್ನೂ ತಿಳಿಯದು.

ಈ ಹಾಡಿನ ಸುತ್ತ ನಡೆದ ಜೀವನವೃತ್ತಾಂತ ಸಾಹಿತ್ಯ ವಿದ್ಯಾರ್ಥಿಗಳು ಗಮನಿಸಬೇಕಾದಂಥದು. ಪತಿ ಹಾಡು ಹುಡುಕುತ್ತ ವಾರಗಟ್ಟಲೆ ಮನೆಯಿಂದ ದೂರವಿರುತ್ತಿದ್ದ ಕಾಲದಲ್ಲಿ ಸಾರಾಳಿಗೆ ಪತಿಯ ಬಂಧುವೇ ಆದ ಕಾಯ್ ಬೇಸ್ ಎಂಬವರಲ್ಲಿ ಪ್ರೀತಿ ಮೂಡಿತು. ಕಾಯ್ ಅವರ ಕುಟುಂಬ ಕ್ಯಾಲಿಫೋರ್ನಿಯಾಕ್ಕೆ ಹೊರಟುಹೋಯಿತು. ಸಾರಾ ಮತ್ತು ಎ. ಪಿ. ಬೇರೆಯಾದರು, ವಿವಾಹ ವಿಚ್ಛೇದನವೂ ಆಯಿತು. ಆದರೆ ಮೇಳ ಒಡೆಯಲಿಲ್ಲ. ಮಾಜಿ ದಂಪತಿಗಳು ಒಟ್ಟಿಗೆ ನಿಂತು ಪ್ರೇಮಗೀತೆಗಳನ್ನು ಹಾಡುತ್ತಲೇ ಇದ್ದರು. ಮೆಕ್ಸಿಕೋ ಗಡಿಯೊಳಗೆ ನೆಲೆಗೊಂಡು ಅಮೆರಿಕದುದ್ದಕ್ಕೂ ಕೇಳಿಸುತ್ತಿದ್ದ ಎಕ್ಸ್‌ಇಆರ್‌ಎ ಎಂಬ ಪ್ರಬಲ ಆಕಾಶವಾಣಿ ಕೇಂದ್ರದಿಂದ 1939ರಲ್ಲಿ ಸಾರಾ ಈ ಹಾಡನ್ನು ಕ್ಯಾಲಿಫೋರ್ನಿಯಾದ ಕಾಯ್ ಬೇಸ್ ಅವರಿಗೆ ಅರ್ಪಿಸಿ ಹಾಡಿದರು. ಕಾಯ್ ಅದನ್ನು ಕೇಳಿ ಟೆಕ್ಸಸ್‌ಗೆ ಬಂದರು. ಅದೇ ವರ್ಷ ಇಬ್ಬರೂ ಮದುವೆಯಾದರು. ಪತಿಯೊಡನೆ ಮೊದಲು ಮುದ್ರಿಸಿದ ವಿರಹಗೀತೆ ಹತ್ತು ವರ್ಷಗಳ ತರುವಾಯ ಬೇರೊಬ್ಬರಿಗೆ ಕಳುಹಿದ ಓಲೆಯಾಯಿತು. ಹಾಡಿನೊಳಗಿನ 'ನಾನು' ಮತ್ತು ಹಾಡುವ ವ್ಯಕ್ತಿ ಒಂದೇ ಅಲ್ಲವೆಂಬುದನ್ನು ಈ ಪ್ರಸಂಗ ತೋರಿಸುತ್ತದೆ. ಅವೆರಡೂ ಕೆಲವೊಮ್ಮೆ ಅನಿರೀಕ್ಷಿತವಾಗಿ ಕೂಡಿಕೊಳ್ಳುತ್ತವೆ ಎಂಬುದನ್ನೂ ತೋರಿಸುತ್ತದೆ.

ಎರಡನೆಯ ಹಾಡು: ಅದೇ ಮಟ್ಟಿಗೆ ಭಕ್ತಿಯ ಮಾತು

1936ರಲ್ಲಿ ಟೆನೆಸಿಯ ಗಾಯಕ ರಾಯ್ ಎಕಫ್ ಇದೇ ಮಟ್ಟಿನಲ್ಲಿ 'ದ ಗ್ರೇಟ್ ಸ್ಪೆಕಲ್ಡ್ ಬರ್ಡ್' ಎಂಬ ಧಾರ್ಮಿಕ ಗೀತೆಯನ್ನು ಮುದ್ರಿಸಿದರು. ಬೈಬಲಿನ ಯೆರೆಮೀಯನ ಗ್ರಂಥದ ಹನ್ನೆರಡನೆಯ ಅಧ್ಯಾಯದಲ್ಲಿ ಇತರ ಹಕ್ಕಿಗಳು ಮುತ್ತಿಕೊಂಡಿರುವ ಚುಕ್ಕೆಚುಕ್ಕೆಯ ಹಕ್ಕಿಯೊಂದರ ಚಿತ್ರವಿದೆ. ಈ ಗೀತೆಯಲ್ಲಿ ಆ ಹಕ್ಕಿ ಜಗತ್ತಿನ ನಿಂದೆಗೆ ಗುರಿಯಾದ ಧರ್ಮಸಭೆಯ ಪ್ರತೀಕ. 1938ರಲ್ಲಿ ನ್ಯಾಶ್‌ವಿಲ್ ನಗರದ 'ಗ್ರ್ಯಾಂಡ್ ಓಲ್ ಆಪ್ರಿ' ಆಕಾಶವಾಣಿ ಕಾರ್ಯಕ್ರಮದಲ್ಲಿ ಎಕಫ್ ಇದನ್ನು ಹಾಡಿ ಜನಮನ ಗೆದ್ದರು; ಅಲ್ಲಿಂದಾಚೆಗೆ ಅವರು ಆ ಕಾರ್ಯಕ್ರಮದ ಮುಖ್ಯ ಗಾಯಕರೇ ಆದರು.

ಲೌಕಿಕ ಹಾಡಿನ ಮಟ್ಟಿಗೆ ದೇವರನಾಮ ಕಟ್ಟುವುದು ನಮ್ಮಲ್ಲಿಯೂ ಹೊಸತಲ್ಲವಾದುದರಿಂದ ಈ ರೂಪಾಂತರ ಕನ್ನಡ ಓದುಗರಿಗೆ ವಿಚಿತ್ರವೆನಿಸದು. ಆದರೆ ಪರಿಣಾಮ ದೊಡ್ಡದು. ದಕ್ಷಿಣ ಅಮೆರಿಕ ಸಂಯುಕ್ತ ಸಂಸ್ಥಾನಗಳ ಸಾಮಾನ್ಯ ಕೇಳುಗನ ಕಿವಿಯಲ್ಲಿ ಈ ಮಟ್ಟಿಗೆ ಈಗ ಎರಡು ನೆನಪುಗಳು ಅಂಟಿಕೊಂಡವು: ಒಂದು ಅಗಲಿದ ಪ್ರಿಯನದು, ಇನ್ನೊಂದು ದೇವರದು. ಹದಿನೈದು ವರ್ಷಗಳ ಅನಂತರ ಇದೇ ಮಟ್ಟಿನ ಮೇಲೆ ಹೆಣ್ಣೊಬ್ಬಳು 'ಇದು ದೇವರ ಕೆಲಸವಲ್ಲ' ಎಂಬರ್ಥದ ಮಾತನ್ನು ಎತ್ತಿದಾಗ ಕೇಳುಗರು ಬೆಚ್ಚಿದ್ದರೆ, ಅದಕ್ಕೆ ಈ ಎರಡನೆಯ ನೆನಪೂ ಒಂದು ಕಾರಣವಾಗಿದ್ದಿರಬೇಕು.

ಮೂರನೆಯ ಹಾಡು: ಗಂಡಿನ ಆರೋಪ

ಈ ನಡುವೆ ಸಂಗೀತ ನೆಲೆಸಿದ ತಾಣವೇ ಬದಲಾಗಿತ್ತು. 1933ರಲ್ಲಿ ಮದ್ಯನಿಷೇಧ ರದ್ದಾಯಿತು. ಟೆಕ್ಸಸ್‌ನ ಎಣ್ಣೆಬಾವಿಗಳ ಸುತ್ತ ಬೆಳೆದ ಊರುಗಳಲ್ಲಿ ಕೂಲಿಯವರಿಗಾಗಿ ದಾರಿಬದಿಯಲ್ಲಿ ಮದ್ಯಶಾಲೆಗಳೂ ನೃತ್ಯಶಾಲೆಗಳೂ ಎದ್ದವು. ಇವೇ 'ಹಾಂಕಿ ಟಾಂಕ್'. ಗದ್ದಲದ ನಡುವೆ ಕೇಳಿಸಬೇಕಾದುದರಿಂದ ವಾದ್ಯಗಳಿಗೆ ವಿದ್ಯುತ್ತಿನ ಬಲ ಬಂತು, ಸ್ಟೀಲ್ ಗಿಟಾರಿನ ಜಾರುನಾದ ಮುಂದಾಯಿತು. ಗಾಯಕರಿಲ್ಲದ ದಿನಗಳಲ್ಲಿ ಜೂಕ್‌ಬಾಕ್ಸ್ ಹಾಡುತ್ತಿತ್ತು: ಕಾಸು ಹಾಕಿ ಗುಂಡಿ ಒತ್ತಿದರೆ ಬೇಕಾದ ತಟ್ಟೆಯನ್ನು ನುಡಿಸುವ ಪೆಟ್ಟಿಗೆ ಅದು. ಬಿಲ್‌ಬೋರ್ಡ್ ಪತ್ರಿಕೆ 1944ರಲ್ಲಿ ಈ ಬಗೆಯ ಸಂಗೀತದ ಜನಪ್ರಿಯತೆಯ ಪಟ್ಟಿಯನ್ನು ಆರಂಭಿಸಿದಾಗ ಜೂಕ್‌ಬಾಕ್ಸ್‌ಗಳಲ್ಲಿ ಯಾವ ಹಾಡು ಹೆಚ್ಚು ಸಲ ನುಡಿಯಿತು ಎಂಬುದನ್ನೇ ಅಳತೆಗೋಲಾಗಿ ಇಟ್ಟುಕೊಂಡಿತ್ತು.

ಹಾಡಿನ ವಸ್ತುವೂ ಬದಲಾಯಿತು. ಗುಡ್ಡಗಾಡಿನ ಹಾಡಿನಲ್ಲಿ ಪ್ರಿಯನು ಹಡಗು ಏರಿ ಹೋಗುತ್ತಿದ್ದ. ಹಾಂಕಿ ಟಾಂಕ್ ಹಾಡಿನಲ್ಲಿ ಅವನು ಪಕ್ಕದ ಮೇಜಿನಲ್ಲಿ ಬೇರೊಬ್ಬಳ ಜೊತೆ ಕುಳಿತಿದ್ದಾನೆ. ಎರಡನೆಯ ಮಹಾಯುದ್ಧ ಕುಟುಂಬಗಳನ್ನು ಚದುರಿಸಿತ್ತು. ಗಂಡಸರು ರಣರಂಗಕ್ಕೆ ಹೋದರೆ ಲಕ್ಷಾಂತರ ಹೆಂಗಸರು ಕಾರ್ಖಾನೆಗಳಿಗೆ ಹೋಗಿ ಮೊದಲ ಬಾರಿಗೆ ಸ್ವಂತ ಸಂಬಳ ಎಣಿಸಿದರು. ಯುದ್ಧ ಮುಗಿದೊಡನೆ ಅವರನ್ನು ಮನೆಗೆ ಮರಳುವಂತೆ ಹೇಳಲಾಯಿತು. 1946ರ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಆರು ಲಕ್ಷಕ್ಕೂ ಮೀರಿ ವಿಚ್ಛೇದನಗಳಾದವು. 1949ರಲ್ಲಿ ಫ್ಲಾಯ್ಡ್ ಟಿಲ್ಮನ್ ಅವರ 'ಸ್ಲಿಪಿಂಗ್ ಅರೌಂಡ್' ಎಂಬ ಹಾಡು ವಿವಾಹಬಾಹಿರ ಪ್ರೇಮವನ್ನು ಮುಚ್ಚುಮರೆಯಿಲ್ಲದೆ ವಸ್ತುವಾಗಿಸಿ ಜಯಗಳಿಸಿತು. ಒಡೆದ ಸಂಸಾರ ಈಗ ಊರಿನ ಗುಟ್ಟಾಗಿ ಉಳಿದಿರಲಿಲ್ಲ. ತಪ್ಪು ಯಾರದು ಎಂಬ ಪ್ರಶ್ನೆ ಮಾತ್ರ ಉಳಿದಿತ್ತು.

'ದ ವೈಲ್ಡ್ ಸೈಡ್ ಆಫ್ ಲೈಫ್' ಆ ಪ್ರಶ್ನೆಗೆ ಗಂಡಿನ ಉತ್ತರ. ಆರ್ಲಿ ಕಾರ್ಟರ್ ಮತ್ತು ವಿಲಿಯಂ ವಾರೆನ್ ರಚಿಸಿದ ಈ ಹಾಡನ್ನು 1951ರಲ್ಲಿ ಜಿಮ್ಮಿ ಹೀಪ್ ಮೇಳ ಮೊದಲು ಮುದ್ರಿಸಿತು. ಮರುವರ್ಷ ಟೆಕ್ಸಸ್‌ನ ವೇಕೋ ನಗರದ ಹ್ಯಾಂಕ್ ಥಾಂಪ್ಸನ್ ಕ್ಯಾಪಿಟಲ್ ಕಂಪನಿಗೆ ಹಾಡಿದ ಆವೃತ್ತಿ ಬಿಲ್‌ಬೋರ್ಡ್ ಪಟ್ಟಿಯಲ್ಲಿ 15 ವಾರಗಳ ಕಾಲ ಮೊದಲ ಸ್ಥಾನದಲ್ಲಿತ್ತು. ಮಟ್ಟು ಕಾರ್ಟರ್ ಫ್ಯಾಮಿಲಿಯ ಅದೇ ಹಳೆಯ ಮಟ್ಟು. ಮಾತಾಡುವವನು ಹೆಂಡತಿ ಬಿಟ್ಟುಹೋದ ಗಂಡ. ಅವಳನ್ನು ಯಾರೂ ಓಡಿಸಲಿಲ್ಲ, ಅವಳ ಸ್ವಭಾವವೇ ಅಂಥದು, ದೇವರು ಹಾಂಕಿ ಟಾಂಕಿನ ದೇವತೆಯರನ್ನು ಸೃಷ್ಟಿಸುತ್ತಾನೆಂದು ತಾನು ಮೊದಲೇ ತಿಳಿಯಬೇಕಾಗಿತ್ತು ಎಂಬುದು ಅವನ ಅಳಲಿನ ಸಾರ. 'ದೇವತೆ' ಎಂಬುದು ಇಲ್ಲಿ ವಕ್ರೋಕ್ತಿ: ಮದ್ಯಶಾಲೆಯ ದೀಪದ ಬೆಳಕಿಗೆ ಸೋತು ಮನೆ ತೊರೆದವಳು ಎಂದು ತಾತ್ಪರ್ಯ.

ಈ ಹಾಡಿನ ನೋವು ಕೃತಕವಲ್ಲ; ತೊರೆಯಲ್ಪಟ್ಟವನ ದುಃಖ ದುಃಖವೇ. ಆದರೆ ತರ್ಕವನ್ನು ಪರಿಶೀಲಿಸಬೇಕು. ಹೆಣ್ಣು ಮನೆ ಬಿಟ್ಟದ್ದಕ್ಕೆ ಅವಳ ಹುಟ್ಟುಗುಣವನ್ನು ಕಾರಣವಾಗಿ ತೋರಿಸಿ, ಆ ಹುಟ್ಟುಗುಣಕ್ಕೆ ದೇವರನ್ನು ಹೊಣೆಯಾಗಿಸಿದರೆ, ಸಂಸಾರದಲ್ಲಿ ಗಂಡನು ನಡೆದುಕೊಂಡ ಬಗೆ ವಿಚಾರಣೆಗೇ ಬರುವುದಿಲ್ಲ. ಹಾಡು ಪೂರ್ತಿ ಅವನೊಬ್ಬನೇ ಮಾತಾಡುತ್ತಾನೆ. ಅವಳು ಯಾಕೆ ಹೋದಳೆಂದು ಅವಳನ್ನು ಕೇಳುವವರಿಲ್ಲ.

ನಾಲ್ಕನೆಯ ಹಾಡು: ಹೆಣ್ಣಿನ ಪ್ರತ್ಯುತ್ತರ

ಕೇಳುವವರಿಲ್ಲದಿದ್ದರೂ ಉತ್ತರ ಬಂತು, ಅದೂ ಕೆಲವೇ ತಿಂಗಳಲ್ಲಿ. ಲೂಸಿಯಾನಾ ರಾಜ್ಯದ ಕ್ರೌಲಿ ಪಟ್ಟಣದ ಜೆ. ಡಿ. ಮಿಲ್ಲರ್ ಎಂಬ ಸಂಗೀತೋದ್ಯಮಿ ಅದೇ ಮಟ್ಟಿಗೆ ಪ್ರತ್ಯುತ್ತರ ಬರೆದು, ಮೊದಲು ತಮ್ಮ ಸಣ್ಣ ಕಂಪನಿಯಲ್ಲಿ ಅಲ್ ಮಾಂಟ್ಗೊಮೆರಿ ಎಂಬ ಗಾಯಕಿಯಿಂದ ಹಾಡಿಸಿದರು. ನ್ಯಾಶ್‌ವಿಲ್‌ನಲ್ಲಿ ಡೆಕಾ ಕಂಪನಿಯ ಪಾಲ್ ಕೋಹೆನ್ ಆ ಹಾಡಿಗೆ ತಕ್ಕ ದನಿಯಾಗಿ ಕಿಟ್ಟಿ ವೆಲ್ಸ್ ಅವರನ್ನು ಆರಿಸಿಕೊಂಡರು.

ಕಿಟ್ಟಿ ವೆಲ್ಸ್ ಅವರ ನಿಜನಾಮ ಎಲೆನ್ ಮ್ಯೂರಿಯಲ್ ಡೀಸನ್. ಹುಟ್ಟಿದ್ದು 1919ರಲ್ಲಿ, ನ್ಯಾಶ್‌ವಿಲ್‌ನಲ್ಲಿ. ವೇದಿಕೆಯ ಹೆಸರನ್ನು ಹಳೆಯ ಜನಪದ ಹಾಡೊಂದರಿಂದ ಆರಿಸಿಕೊಟ್ಟವರು ಪತಿ ಜಾನಿ ರೈಟ್. ಆತ ಜಾಕ್ ಆಂಗ್ಲಿನ್ ಜೊತೆ ಸೇರಿ 'ಜಾನಿ ಆ್ಯಂಡ್ ಜಾಕ್' ಎಂಬ ಜೋಡಿಮೇಳ ನಡೆಸುತ್ತಿದ್ದರು. ವೆಲ್ಸ್ ಆ ಮೇಳದ ಪ್ರದರ್ಶನಗಳಲ್ಲಿ ನಡುನಡುವೆ ಹಾಡುತ್ತಿದ್ದರು. ಆರ್‌ಸಿಎ ಕಂಪನಿಗೆ ಮುದ್ರಿಸಿದ ಹಾಡುಗಳು ಸದ್ದು ಮಾಡಿರಲಿಲ್ಲ. ಮೂರು ಮಕ್ಕಳ ತಾಯಿಯಾಗಿದ್ದ ಅವರು ಹಾಡುವುದನ್ನು ಬಿಟ್ಟು ಮನೆ ನೋಡಿಕೊಳ್ಳುವ ಯೋಚನೆಯಲ್ಲಿದ್ದರು. ಕಲಾವಿದರ ಸಂಘ ಗೊತ್ತುಪಡಿಸಿದ 125 ಡಾಲರ್ ಸಂಭಾವನೆ ಸಿಗುತ್ತದೆಂಬುದೇ ತಾವು ಒಪ್ಪಲು ಕಾರಣವೆಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. 1952ರ ಮೇ 3ರಂದು ಕ್ಯಾಸಲ್ ಸ್ಟುಡಿಯೋದಲ್ಲಿ ಮುದ್ರಣ ನಡೆಯಿತು.

ಹಾಡಿನ ಸನ್ನಿವೇಶವನ್ನು ಗಮನಿಸಿ. ಹೆಣ್ಣೊಬ್ಬಳು ಮದ್ಯಶಾಲೆಯಲ್ಲಿ ಕುಳಿತಿದ್ದಾಳೆ. ಜೂಕ್‌ಬಾಕ್ಸಿನಲ್ಲಿ ಹ್ಯಾಂಕ್ ಥಾಂಪ್ಸನ್ ಅವರ ಆ ಹಾಡೇ ನುಡಿಯುತ್ತಿದೆ. ಅದನ್ನು ಕೇಳುತ್ತಿದ್ದಂತೆ, ತಾನು ನಂಬಿಗಸ್ತ ಹೆಂಡತಿಯಾಗಿದ್ದ ದಿನಗಳು ಅವಳಿಗೆ ನೆನಪಾಗುತ್ತವೆ. ಆಗ ಅವಳು ಗಂಡಿನ ಹಾಡಿನ ಮುಖ್ಯ ಪ್ರತಿಜ್ಞೆಯನ್ನೇ ಎತ್ತಿಕೊಂಡು ನಿರಾಕರಿಸುತ್ತಾಳೆ: ಇಂಥ 'ದೇವತೆ'ಯರನ್ನು ಮಾಡಿದವನು ದೇವರಲ್ಲ; ಮದುವೆಯಾಗಿಯೂ ತಾವಿನ್ನೂ ಒಂಟಿಯೆಂದು ಭಾವಿಸಿ ನಡೆಯುವ ಗಂಡಸರೇ ಅನೇಕ ಒಳ್ಳೆಯ ಹೆಂಗಸರು ದಾರಿ ತಪ್ಪಲು ಕಾರಣ; ಒಡೆದ ಪ್ರತಿ ಮನಸ್ಸಿನ ಹಿಂದೆಯೂ ಗಂಡಿನ ಪಾಲಿದೆ. ಹಿಂದಿನ ಹಾಡು ಸ್ವಭಾವವೆಂದು ಕರೆದುದನ್ನು ಈ ಹಾಡು ಚರಿತ್ರೆಯೆಂದು ಕರೆಯುತ್ತದೆ. ಅವಳು ಹೀಗೆ ಹುಟ್ಟಲಿಲ್ಲ, ಹೀಗಾದಳು. ಅದಕ್ಕೆ ಹಿಂದೊಂದು ಕತೆಯಿದೆ.

ಉತ್ತರ ಕರ್ನಾಟಕದ ಗೀಗೀ ಪರಂಪರೆಯ ಹರದೇಶಿ–ನಾಗೇಶಿ ವಾದವನ್ನು ಬಲ್ಲವರಿಗೆ ಈ ಪರಿ ತಟ್ಟನೆ ಗುರುತು ಸಿಗುತ್ತದೆ. ಹರದೇಶಿಯವರು ಗಂಡಿನ ಹಿರಿಮೆಯನ್ನು ಹಾಡಿದರೆ ನಾಗೇಶಿಯವರು ಹೆಣ್ಣಿನ ಪಕ್ಷ ಹಿಡಿದು ಮಾತಿಗೆ ಮಾತು ಕೊಡುತ್ತಾರೆ. ಆದರೆ ಒಂದು ವ್ಯತ್ಯಾಸವಿದೆ. ಗೀಗೀ ಮೇಳದಲ್ಲಿ ಎರಡು ಪಕ್ಷಗಳಿಗೂ ವೇದಿಕೆ ಮೊದಲೇ ಸಿದ್ಧವಾಗಿರುತ್ತದೆ. ನ್ಯಾಶ್‌ವಿಲ್‌ನಲ್ಲಿ ನಾಗೇಶಿಗೆ ವೇದಿಕೆಯೇ ಇರಲಿಲ್ಲ. ಹೆಣ್ಣಿನ ತಟ್ಟೆಗಳು ಮಾರಾಟವಾಗುವುದಿಲ್ಲವೆಂಬುದು ಅಂದಿನ ಉದ್ಯಮದ ದೃಢ ನಂಬಿಕೆಯಾಗಿತ್ತು.

ನಿಷೇಧ ಮತ್ತು ಜನಮತ

ಹಾಡು ಹೊರಬಿದ್ದಾಗ ಎನ್‌ಬಿಸಿ ಆಕಾಶವಾಣಿ ಜಾಲ ಅದನ್ನು ಅಸಭ್ಯಸೂಚಕವೆಂದು ನಿಷೇಧಿಸಿತು. ಗ್ರ್ಯಾಂಡ್ ಓಲ್ ಆಪ್ರಿಯ ವೇದಿಕೆಯಲ್ಲಿಯೂ ಆರಂಭದಲ್ಲಿ ಅದನ್ನು ಹಾಡಲು ಬಿಡಲಿಲ್ಲ. ಅದೇ ಮದ್ಯಶಾಲೆ, ಅದೇ ಪತಿತೆ, ಅದೇ ದೇವರ ಹೆಸರು ಗಂಡಿನ ಹಾಡಿನಲ್ಲಿಯೂ ಇದ್ದವು. ಅದು 15 ವಾರ ಮೊದಲ ಸ್ಥಾನದಲ್ಲಿ ಮೆರೆಯಿತು. ಹಾಗಾದರೆ ಅಸಭ್ಯವೆನಿಸಿದ್ದು ಯಾವುದು? ವಸ್ತುವಲ್ಲ, ಆ ವಸ್ತುವನ್ನು ನುಡಿದ ಬಾಯಿ ಎಂದೇ ಹೇಳಬೇಕಾಗುತ್ತದೆ. ಕೆಟ್ಟವಳೆಂದು ಹೆಸರಾದವಳು ತನ್ನ ಕೆಡುಕಿನ ಕಾರಣವನ್ನು ತಾನೇ ವಿವರಿಸತೊಡಗಿದ್ದು ಸಹ್ಯವಾಗಲಿಲ್ಲ.

ಜೂಕ್‌ಬಾಕ್ಸಿಗೆ ಮಾತ್ರ ಈ ನಿಷೇಧ ತಾಗಲಿಲ್ಲ. ಕಾಸು ಹಾಕಿದವರ ಇಷ್ಟದಂತೆ ಅದು ನುಡಿಯಿತು. 1952ರ ಆಗಸ್ಟ್‌ನಲ್ಲಿ ಹಾಡು ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿ 6 ವಾರ ಅಲ್ಲಿಯೇ ನಿಂತಿತು. ಆ ಪಟ್ಟಿಯಲ್ಲಿ ಏಕಗಾಯಕಿಯೊಬ್ಬರು ಮೊದಲ ಸ್ಥಾನ ಪಡೆದದ್ದು ಅದೇ ಪ್ರಥಮ. ಆಪ್ರಿಯ ಬಾಗಿಲೂ ತೆರೆಯಿತು.

ಈ ಜಯದಲ್ಲಿ ವೆಲ್ಸ್ ಅವರ ಗಾಯನಶೈಲಿಯ ಪಾಲು ಸಣ್ಣದಲ್ಲ. ಅವರು ಕಿರುಚುವುದಿಲ್ಲ, ಛಲದ ಸ್ವರ ಎತ್ತುವುದಿಲ್ಲ. ಚರ್ಚಿನಲ್ಲಿ ಹಾಡಿ ಅಭ್ಯಾಸವಾದ ನೇರವಾದ, ತುಸು ಅನುನಾಸಿಕವಾದ, ಅಲಂಕಾರವಿಲ್ಲದ ದನಿ ಅದು. ಉಡುಪು ಚೌಕಳಿಯ ಹತ್ತಿಬಟ್ಟೆಯ ಸಾದಾ ಗೌನು. ಮದ್ಯಶಾಲೆಯ ಹೆಣ್ಣಿನ ಮಾತನ್ನು ಪ್ರಾರ್ಥನಾಸಭೆಯ ಹೆಣ್ಣಿನ ದನಿ ನುಡಿಯಿತು. ಮಟ್ಟು ಹೇಗೂ ಎಕಫ್ ಅವರಿಂದ ಭಕ್ತಿಗೀತೆಯಾಗಿ ಪರಿಚಿತವಾಗಿತ್ತು. ಹೀಗಾಗಿ ಆರೋಪವು ರಂಪಾಟದಂತೆ ಕೇಳಿಸದೆ ಸಾಕ್ಷಿನುಡಿಯಂತೆ ಕೇಳಿಸಿತು. ಖಂಡಿತೆ ಇಲ್ಲಿ ಒಬ್ಬ ನಲ್ಲನನ್ನು ಜರೆಯುತ್ತಿಲ್ಲ. ತನ್ನಂಥ ಅನೇಕರ ಪರವಾಗಿ ಲೋಕಕ್ಕೆ ಹೇಳಿಕೆ ಕೊಡುತ್ತಿದ್ದಾಳೆ.

ಯಾರ ಸತ್ಯ?

ಇಲ್ಲಿ ಒಂದು ಆಕ್ಷೇಪ ಏಳಬಹುದು. ಹೆಣ್ಣಿನ ಪ್ರತ್ಯುತ್ತರವೆಂದು ನಾವು ಕೊಂಡಾಡುವ ಈ ಹಾಡನ್ನು ಬರೆದವರು ಗಂಡಸು. ಹಾಡಿಸಿದ ಕಂಪನಿ ಗಂಡಸರದು. ಅಷ್ಟೇ ಅಲ್ಲ, ಇದೇ ಜೆ. ಡಿ. ಮಿಲ್ಲರ್ 1960ರ ದಶಕದಲ್ಲಿ 'ರೆಬ್ ರೆಬೆಲ್' ಎಂಬ ಹೆಸರಿನಲ್ಲಿ ಕಪ್ಪುಜನರನ್ನು ಹೀಯಾಳಿಸುವ, ವರ್ಣಭೇದವನ್ನು ಸಮರ್ಥಿಸುವ ತಟ್ಟೆಗಳನ್ನು ಹೊರತಂದರು. ಒಂದು ಅನ್ಯಾಯವನ್ನು ಕಂಡ ಕಣ್ಣು ಇನ್ನೊಂದು ಅನ್ಯಾಯದಲ್ಲಿ ಪಾಲ್ಗೊಂಡಿತು. ಹಾಡಿದವರ ಬಾಳು ಕೂಡ ಹಾಡಿಗೆ ಹೊಂದುವುದಿಲ್ಲ. ವೆಲ್ಸ್ 1937ರಲ್ಲಿ ಜಾನಿ ರೈಟ್ ಅವರನ್ನು ವರಿಸಿದರು. 2011ರಲ್ಲಿ ರೈಟ್ ತೀರಿಕೊಳ್ಳುವವರೆಗೆ, ಎಪ್ಪತ್ತು ವರ್ಷಗಳಿಗೂ ಮೀರಿ ಆ ದಾಂಪತ್ಯ ಅಖಂಡವಾಗಿತ್ತು. ಮರುವರ್ಷ ವೆಲ್ಸ್ ಕೂಡ ಕಣ್ಮುಚ್ಚಿದರು. ತೊರೆದ ನಲ್ಲನನ್ನು ನೆನೆಯುವ ಹಾಡು ಹಾಡಿದ ಸಾರಾ ತಾವೇ ಪತಿಯನ್ನು ತೊರೆದರು. ಪತಿಯ ದ್ರೋಹವನ್ನು ಹಾಡಿದ ವೆಲ್ಸ್ ತುಂಬು ಸಂಸಾರ ನಡೆಸಿದರು.

ಹಾಗಾದರೆ ಹಾಡಿನ ಸತ್ಯ ಎಲ್ಲಿದೆ? ಕವಿಯ ಚಾರಿತ್ರ್ಯದಲ್ಲಿಯೂ ಇಲ್ಲ, ಗಾಯಕಿಯ ಆತ್ಮಚರಿತ್ರೆಯಲ್ಲಿಯೂ ಇಲ್ಲ. ಅದು ಹಾಡು ಕಟ್ಟಿಕೊಡುವ ನಿಲುವಿನಲ್ಲಿದೆ. 'ನಾನು' ಎಂದು ನುಡಿಯುವ ಹಕ್ಕು ಯಾರಿಗೆ ದೊರೆಯಿತು, ಆ 'ನಾನು' ಏನನ್ನು ಅರಿತಿದ್ದಾಳೆ ಎಂಬುದರಲ್ಲಿದೆ. ಒಮ್ಮೆ ಆ ನಿಲುವು ಹಾಡಿನೊಳಗೆ ನೆಲೆಗೊಂಡಮೇಲೆ ಬರೆದವನಿಗೂ ಅದರ ಮೇಲೆ ಒಡೆತನವಿಲ್ಲ. ಲೊರೆಟ್ಟಾ ಲಿನ್ ಅಂಥವರು 1960ರ ದಶಕದಲ್ಲಿ ತಮ್ಮ ಹಾಡುಗಳನ್ನು ತಾವೇ ಬರೆದು, ಗಂಡನ ಕುಡಿತವನ್ನೂ ಪರಸ್ತ್ರೀಸಂಗವನ್ನೂ ಎದುರಿಗೇ ಪ್ರಶ್ನಿಸಿದಾಗ ನಿಂತದ್ದು ಇದೇ ನಿಲುವಿನ ಮೇಲೆ. 1993ರಲ್ಲಿ ಡಾಲಿ ಪಾರ್ಟನ್, ಲೊರೆಟ್ಟಾ ಲಿನ್, ಟ್ಯಾಮಿ ವೈನೆಟ್ ಮೂವರೂ ಸೇರಿ 'ಹಾಂಕಿ ಟಾಂಕ್ ಏಂಜಲ್ಸ್' ಎಂಬ ಗೀತಸಂಪುಟ ತಂದು, ಆ ಹಾಡಿಗೆ ಕಿಟ್ಟಿ ವೆಲ್ಸ್ ಅವರನ್ನೇ ಕರೆಸಿ ಜೊತೆಗೆ ಹಾಡಿದರು. ಬೈಗುಳವಾಗಿ ಹುಟ್ಟಿದ ಹೆಸರನ್ನು ನಾಲ್ವರು ಹೆಂಗಸರು ಬಿರುದಿನಂತೆ ಧರಿಸಿದರು.

ಮಟ್ಟಿನ ನೆನಪು

1977ರಲ್ಲಿ ಡೇವಿಡ್ ಅಲನ್ ಕೋ ಎಂಬ ಗಾಯಕ ತನ್ನದೊಂದು ಹಾಡಿನ ಕೊನೆಯಲ್ಲಿ ಈ ನಾಲ್ಕೂ ಹಾಡುಗಳ ಹೆಸರನ್ನು ಅದೇ ಮಟ್ಟಿನಲ್ಲಿ ಒಂದರ ಹಿಂದೊಂದು ಪೋಣಿಸಿದ. ಪಂಡಿತರಿಗಿಂತ ಮೊದಲೇ ಹಾಡುಗಾರರು ಈ ವಂಶಾವಳಿಯನ್ನು ಬಲ್ಲವರಾಗಿದ್ದರು ಎಂಬುದಕ್ಕೆ ಇದು ಸಾಕ್ಷಿ. ಗೀತಸಾಹಿತ್ಯವನ್ನು ಅಧ್ಯಯನ ಮಾಡುವವರು ಸಾಮಾನ್ಯವಾಗಿ ಮಾತನ್ನು ಮಟ್ಟಿನಿಂದ ಬಿಡಿಸಿ ಕಾಗದದ ಮೇಲೆ ಓದುತ್ತಾರೆ. ಕಿಟ್ಟಿ ವೆಲ್ಸ್ ಅವರ ಹಾಡನ್ನು ಹಾಗೆ ಓದಿದರೆ ಸರಳವಾದೊಂದು ದೂರು ಮಾತ್ರ ಕಾಣುತ್ತದೆ. ಮಟ್ಟಿನೊಡನೆ ಕೇಳಿದರೆ ಅದರ ಹಿಂದೆ ಇರುಳಿನಲ್ಲಿ ನೆನೆಯುವ ಹೆಣ್ಣಿದ್ದಾಳೆ, ನಿಂದೆಗೆ ಗುರಿಯಾದ ಚುಕ್ಕೆಯ ಹಕ್ಕಿಯಿದೆ, ಹೆಂಡತಿಯನ್ನು ದೂರುವ ಗಂಡನಿದ್ದಾನೆ. 1929ರಲ್ಲಿ ಆ ಮಟ್ಟು ಎತ್ತಿದ ಸಂದೇಹಕ್ಕೆ ಇಪ್ಪತ್ತಮೂರು ವರ್ಷಗಳ ಬಳಿಕ ಅದೇ ಮಟ್ಟಿನಲ್ಲಿ ಉತ್ತರ ದೊರೆಯಿತು. ಅವನು ಅವಳನ್ನು ನೆನೆಯುತ್ತಿರಲಿಲ್ಲ. ಅದು ಈಗ ಅವಳಿಗೆ ಗೊತ್ತು. ಆ ಅರಿವಿನಿಂದ ಅವಳ ನೋವು ಕಡಿಮೆಯಾಗಲಿಲ್ಲ. ಆದರೆ ಆ ನೋವಿಗೆ ತನ್ನ ಹುಟ್ಟುಗುಣವೇ ಕಾರಣವೆಂದು ಒಪ್ಪಿಕೊಳ್ಳುವ ಅಗತ್ಯ ಅವಳಿಗೆ ಇನ್ನು ಉಳಿಯಲಿಲ್ಲ.